ಕರುಳಿನ ಏರಿಯೂ ನೀರಿನ ದಾರಿಯೂ

(ತೆರಕಣಾಂಬಿಯಲ್ಲಿ ಭಕ್ತಸಮೂಹದ ಮುಂದೆ ಮಾಡಿದ ಉಪನ್ಯಾಸ)



ನೀರಿನ ಬೆಲೆಯನ್ನು ಉಪನ್ಯಾಸದಿಂದ ಅರಿಯಬೇಕಾದ ಅವಶ್ಯಕತೆ ಈ ಸೀಮೆಯವರಿಗಿಲ್ಲ. ಪೂರ್ವದಲ್ಲಿ ತ್ರಿಕದಂಬಪುರವೆಂದು ಹೆಸರಾಗಿದ್ದ ತೆರಕಣಾಂಬಿಯು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಮಾರ್ಗದಲ್ಲಿ, ಘಟ್ಟಗಳ ಮಳೆನೆರಳಿನಲ್ಲಿ ಇರುವುದು. ಮೋಡವು ಬೆಟ್ಟದ ಆಚೆಗೆ ಸುರಿದು ಈಚೆಗೆ ಬರಿಗೈಯಲ್ಲಿ ಬರುವುದನ್ನು ಇಲ್ಲಿಯ ಒಕ್ಕಲಿನವರು ತಲೆತಲಾಂತರದಿಂದ ನೋಡಿದ್ದಾರೆ. ಇಂಥ ನಾಡಿನಲ್ಲಿ ಕೆರೆಯೇ ಊರಿನ ಜೀವ. ಕೆರೆಗೆ ನೀರು ಬರುವ ಕಾಲುವೆ ಬೇರೆ, ನೀರು ಹೊರಡುವ ತೂಬು ಬೇರೆ ಎಂಬುದು ದನಕಾಯುವ ಹುಡುಗನಿಗೂ ಗೊತ್ತು. ತೂಬು ಮುರಿದು ನೀರು ಹರಿದುಹೋಗುತ್ತಿರುವಾಗ, ಮೇಲಣ ಕಾಲುವೆಯನ್ನೂ ಕಟ್ಟಿಬಿಡುವ ರೈತನು ಎಲ್ಲಿಯಾದರೂ ಉಂಟೆ?

ಆದರೆ ಮನೆಯಲ್ಲಿ ಮಗುವಿಗೆ ವಾಂತಿಭೇದಿಯಾದಾಗ ಎಷ್ಟೋ ಜನ ಮಾಡುವುದು ಇದನ್ನೇ. “ನೀರು ಕೊಟ್ಟರೆ ಇನ್ನೂ ಹೆಚ್ಚಾಗಿ ಹೋಗುತ್ತದೆ, ಹೊಟ್ಟೆ ಒಣಗಲಿ” ಎಂದು ಹಿರಿಯರು ಪ್ರೀತಿಯಿಂದಲೇ ಹೇಳುವರು. ತಾಯಿಯು ಕಣ್ಣೀರಿಡುತ್ತಲೇ ಬಟ್ಟಲನ್ನು ಮರೆಮಾಡುವಳು. ಭೇದಿಯಲ್ಲಿ ಮಗುವನ್ನು ಕೊಲ್ಲುವುದು ಹೆಚ್ಚಾಗಿ ರೋಗಬೀಜವಲ್ಲ. ಮೈಯ ನೀರೂ ಉಪ್ಪೂ ಬತ್ತಿಹೋಗುವುದೇ ಕೊಲ್ಲುವುದು. ಇದು ಹಳೆಯ ಕಾಲದ ಕಥೆಯೆಂದು ಯಾರೂ ತಿಳಿಯಬಾರದು. ೨೦೨೨ರಲ್ಲಿ ರಾಯಚೂರು ನಗರದಲ್ಲಿ, ೨೦೨೩ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತವಾದ ಕುಡಿಯುವ ನೀರಿನಿಂದ ಅನೇಕರು ಹಾಸಿಗೆ ಹಿಡಿದು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಆದುದರಿಂದ ಕರುಳಿನ ಗೋಡೆಯನ್ನು ದಾಟಿ ನೀರೂ ಉಪ್ಪೂ ಹೇಗೆ ಸಂಚರಿಸುವುವು, ರೋಗದಲ್ಲಿ ಆ ಸಂಚಾರವು ಹೇಗೆ ಕೆಡುವುದು, ಕೆಡದೆ ಉಳಿಯುವುದು ಯಾವುದು ಎಂಬುದನ್ನು ವಿಚಾರಿಸುವುದು ವ್ಯರ್ಥವಾಗಲಾರದು.

ಮೊದಲು ಪ್ರಮಾಣವನ್ನು ನೋಡಬಹುದು. ಆರೋಗ್ಯವಂತನಾದ ಮನುಷ್ಯನು ದಿನವೊಂದಕ್ಕೆ ಅನ್ನಪಾನಗಳಿಂದ ಸುಮಾರು ೨ ಲೀಟರು ನೀರನ್ನು ಹೊಟ್ಟೆಗೆ ತೆಗೆದುಕೊಳ್ಳುವನು. ಇದರ ಮೇಲೆ ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ಗ್ರಂಥಿಯ ರಸ, ಕರುಳಿನದೇ ಆದ ರಸ, ಇವೆಲ್ಲವೂ ಸೇರಿ ಇನ್ನೂ ೭ ಲೀಟರಿನಷ್ಟು ದ್ರವವು ಒಳಗಿನಿಂದಲೇ ಕರುಳಿಗೆ ಸುರಿಯುವುದು. ಒಟ್ಟು ೯ ಲೀಟರು. ಇಷ್ಟರಲ್ಲಿ ಮಲದೊಡನೆ ಹೊರಗೆ ಹೋಗುವುದು ೧೦೦ರಿಂದ ೨೦೦ ಮಿಲಿಲೀಟರು ಮಾತ್ರ. ಉಳಿದುದೆಲ್ಲವನ್ನೂ ಕರುಳು ಹೀರಿಕೊಂಡು ರಕ್ತಕ್ಕೆ ಮರಳಿಸುವುದು. ಈ ಕಾರ್ಯವು ಸದ್ದಿಲ್ಲದೆ ನಡೆಯುವುದರಿಂದ ಅದರ ಹಿರಿಮೆ ಯಾರ ಗಮನಕ್ಕೂ ಬರುವುದಿಲ್ಲ. ಒಂದು ದಿನ ನಿಂತರೆ ಮಾತ್ರ ತಿಳಿಯುವುದು.

ಇಷ್ಟು ದೊಡ್ಡ ಕೆಲಸವನ್ನು ಮಾಡುವ ಏರಿ ಎಷ್ಟು ದಪ್ಪವೆಂದು ಕೇಳಿದರೆ ಆಶ್ಚರ್ಯವಾದೀತು. ಕರುಳಿನ ಒಳಮೈಯನ್ನು ಹೊದ್ದಿರುವ ಪೊರೆಯು ಒಂದೇ ಒಂದು ಸಾಲು ಜೀವಕೋಶಗಳದು. ಇಟ್ಟಿಗೆಗೆ ಇಟ್ಟಿಗೆ ತಾಗಿಸಿ ನಿಲ್ಲಿಸಿದಂತೆ ಕೋಶಗಳು ಒತ್ತಾಗಿ ನಿಂತಿರುವುವು. ಒಂದಕ್ಕೊಂದು ಸೇರುವೆಡೆಯಲ್ಲಿ ಗಾರೆಯಂತೆ ಬಿಗಿಯಾದ ಬೆಸುಗೆಯಿರುವುದು. ಈ ಕೋಶಗಳು ನಾಲ್ಕೈದು ದಿನಗಳೊಳಗಾಗಿ ಸವೆದು ಉದುರಿ, ಹೊಸ ಕೋಶಗಳು ಅವುಗಳ ಸ್ಥಾನಕ್ಕೆ ಬರುವುವು. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ನೀರಿಗೆ ತನ್ನಷ್ಟಕ್ಕೆ ತಾನೇ ಏರಿಯನ್ನು ಹತ್ತುವ ಶಕ್ತಿಯಿಲ್ಲ. ಉಪ್ಪು ಎಲ್ಲಿಗೆ ಹೋಗುವುದೋ ನೀರು ಅಲ್ಲಿಗೆ ಹಿಂಬಾಲಿಸುವುದು. ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರಸಿ ಜಾಡಿಯಲ್ಲಿಟ್ಟ ಗೃಹಿಣಿಯು ಮರುದಿನ ನೋಡಿದರೆ ಹೋಳುಗಳು ಕುಗ್ಗಿ, ನೀರೆಲ್ಲ ಹೊರಗೆ ಬಂದಿರುವುದು. ಕರುಳಿನಲ್ಲಿಯೂ ಇದೇ ನ್ಯಾಯ. ಅಡಿಗೆಯ ಉಪ್ಪು ನೀರಿನಲ್ಲಿ ಕರಗಿದೊಡನೆ ಸೋಡಿಯಂ, ಕ್ಲೋರೈಡ್ ಎಂಬ ಎರಡು ಬಗೆಯ ವಿದ್ಯುತ್ತನ್ನೊಳಕೊಂಡ ಕಣಗಳಾಗಿ ಬೇರ್ಪಡುವುದು. ಇವಕ್ಕೆ ಅಯಾನುಗಳೆಂದು ಹೆಸರು. ಒಂದು ಧನ, ಇನ್ನೊಂದು ಋಣ. ಆದ್ದರಿಂದ ಒಂದು ಹೊರಟರೆ ಇನ್ನೊಂದು ಅದರ ಬೆನ್ನು ಹತ್ತುವುದು, ಎರಡರ ಬೆನ್ನು ಹತ್ತಿ ನೀರು ಹೊರಡುವುದು.

ಈ ಸಂಚಾರಕ್ಕೆ ಮೂಲವಾದ ಯಂತ್ರವು ಪ್ರತಿ ಕೋಶದ ಹಿಂಬದಿಯಲ್ಲಿ, ಎಂದರೆ ರಕ್ತದ ಕಡೆಯ ಗೋಡೆಯಲ್ಲಿ, ಇರುವುದು. ಅದು ಮೂರು ಸೋಡಿಯಂ ಕಣಗಳನ್ನು ಕೋಶದಿಂದ ಹೊರಕ್ಕೆ ತಳ್ಳಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಕ್ಕೆ ಎಳೆಯುತ್ತ ಹಗಲಿರುಳು ದುಡಿಯುವ ಏತದಂತಿದೆ. ಡೆನ್ಮಾರ್ಕಿನ ಜೆನ್ಸ್ ಸ್ಕೌ ಎಂಬ ವಿದ್ವಾಂಸರು ೧೯೫೭ರಲ್ಲಿ ಏಡಿಯ ನರಗಳಲ್ಲಿ ಇದನ್ನು ಗುರುತಿಸಿದರು. ೧೯೯೭ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಈ ಏತದ ದೆಸೆಯಿಂದ ಕೋಶದೊಳಗೆ ಸೋಡಿಯಂ ಯಾವಾಗಲೂ ಕಡಮೆಯಾಗಿರುವುದು. ಆ ಕೊರತೆಯನ್ನು ತುಂಬಲು ಕರುಳಿನ ಕಡೆಯಿಂದ ಸೋಡಿಯಂ ಒಳನುಗ್ಗಲು ಹವಣಿಸುವುದು. ಆದರೆ ಮುಂಬದಿಯ ಬಾಗಿಲುಗಳಲ್ಲಿ ಒಂದು ಬಾಗಿಲಿಗೆ ವಿಚಿತ್ರವಾದ ಕಟ್ಟಳೆಯುಂಟು. ಸೋಡಿಯಂ ಒಂಟಿಯಾಗಿ ಬಂದರೆ ಅದು ತೆರೆಯದು, ಸಕ್ಕರೆಯ ಸಾರವಾದ ಗ್ಲೂಕೋಸ್ ಒಂಟಿಯಾಗಿ ಬಂದರೂ ತೆರೆಯದು; ಎರಡು ಸೋಡಿಯಂ ಕಣಗಳೂ ಒಂದು ಗ್ಲೂಕೋಸ್ ಕಣವೂ ಜೊತೆಯಾಗಿ ಬಂದರೆ ಮಾತ್ರ ತೆರೆಯುವುದು. ರಾಬರ್ಟ್ ಕ್ರೇನ್ ಎಂಬವರು ೧೯೬೦ರಲ್ಲಿ ಪ್ರಾಗ್ ನಗರದ ವಿದ್ವತ್ಸಭೆಯಲ್ಲಿ ಈ ಜೊತೆಗೂಡುವಿಕೆಯ ತತ್ತ್ವವನ್ನು ಮೊದಲು ಮಂಡಿಸಿದರು. ೧೯೮೭ರಲ್ಲಿ ಅಮೆರಿಕದ ಅರ್ನೆಸ್ಟ್ ರೈಟ್ ಮತ್ತು ಅವರ ಸಂಗಡಿಗರು ಆ ಬಾಗಿಲನ್ನು ನಿರ್ಮಿಸುವ ವಂಶವಾಹಿಯನ್ನೇ ಬೇರ್ಪಡಿಸಿ ತೋರಿಸಿದರು.

ಇನ್ನು ರೋಗದ ವಿಚಾರ. ೧೮೮೪ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕಲ್ಕತ್ತೆಗೆ ಬಂದು ಕಾಲರಾ ರೋಗಿಗಳ ಕರುಳಿನಲ್ಲಿ ಅಲ್ಪವಿರಾಮದ ಆಕಾರದ ರೋಗಾಣುವನ್ನು ತೋರಿಸಿಕೊಟ್ಟರು. ಆದರೆ ಅದು ಯಾವ ಉಪಾಯದಿಂದ ಮನುಷ್ಯನನ್ನು ಕೊಲ್ಲುವುದೆಂಬುದು ಮುಂದೆ ಬಹುಕಾಲ ತಿಳಿಯಲಿಲ್ಲ. ರೋಗಾಣುವು ಕರುಳಿನ ಪೊರೆಯನ್ನೇ ಕಿತ್ತುಹಾಕುವುದು, ಏರಿಯೇ ಒಡೆದುಹೋಗುವುದು ಎಂದು ಅನೇಕರು ನಂಬಿದ್ದರು. ಈ ನಂಬಿಕೆಯು ನಿಜವಾಗಿದ್ದರೆ ಬಾಯಿಂದ ನೀರು ಕೊಡುವುದು ನಿಷ್ಪ್ರಯೋಜನವೇ ಸರಿ. ಕಲ್ಕತ್ತೆಯ ಶಂಭುನಾಥ ಡೇ ಎಂಬ ವೈದ್ಯವಿದ್ವಾಂಸರು ಅಲ್ಪ ಸಲಕರಣೆಗಳಿಂದಲೇ ೧೯೫೩ರಲ್ಲಿ ಮೊಲದ ಕರುಳಿನ ತುಂಡನ್ನು ಎರಡು ಕಡೆ ಕಟ್ಟಿ, ಅದರೊಳಗೆ ರೋಗಾಣುಗಳನ್ನಿಟ್ಟು, ತುಂಡು ನೀರಿನಿಂದ ಉಬ್ಬುವುದನ್ನು ತೋರಿಸಿದರು. ೧೯೫೯ರಲ್ಲಿ ರೋಗಾಣುಗಳಿಲ್ಲದೆ ಅವು ಬೆಳೆದ ದ್ರವವನ್ನು ಮಾತ್ರ ಸೋಸಿ ಹಾಕಿದರೂ ಅದೇ ಫಲವು ಬರುವುದೆಂದು ಸ್ಥಾಪಿಸಿದರು. ಎಂದರೆ ಕೆಲಸ ಮಾಡುವುದು ರೋಗಾಣುವು ಕಾರುವ ವಿಷ. ಅದೇ ಸುಮಾರಿಗೆ ಬ್ಯಾಂಕಾಕಿನಲ್ಲಿ ಕಾಲರಾ ರೋಗಿಗಳ ಕರುಳಿನ ಚೂರುಗಳನ್ನು ತೆಗೆದು ಪರೀಕ್ಷಿಸಿದಾಗ ಪೊರೆಯು ಹರಿಯದೆ ಇದ್ದಿತು. ಏರಿ ಒಡೆದಿಲ್ಲ, ಆದರೂ ನೀರು ಹೊರಗೆ ಹರಿಯುತ್ತಿದೆ. ಹಾಗಾದರೆ ಯಾರೋ ತೂಬನ್ನು ತೆರೆದಿರಬೇಕಲ್ಲವೆ?

ಆ ತೂಬು ಯಾವುದು, ಎಲ್ಲಿದೆ ಎಂದು ಕಾಣಬೇಕಾದರೆ ಇಡೀ ದೇಹದಲ್ಲಿ ಹುಡುಕುವುದು ಕಷ್ಟ. ರಕ್ತದ ಒತ್ತಡ, ನರಗಳ ಪ್ರೇರಣೆ, ಸ್ನಾಯುಗಳ ಅಲುಗಾಟ, ಎಲ್ಲವೂ ಕಲೆತು ತೊಡಕಾಗುವುವು. ಕೋಪನ್‌ಹೇಗನ್ನಿನ ಹಾನ್ಸ್ ಉಸಿಂಗ್ ಎಂಬವರು ೧೯೫೧ರಲ್ಲಿ ಕಪ್ಪೆಯ ಚರ್ಮವನ್ನು ಎರಡು ಪಾತ್ರೆಗಳ ನಡುವೆ ತೆರೆಯಂತೆ ಬಿಗಿದು, ಅದರ ಮೂಲಕ ಹರಿಯುವ ವಿದ್ಯುತ್ತನ್ನು ಅಳೆದು, ಎಷ್ಟು ಸೋಡಿಯಂ ದಾಟಿತೆಂಬುದನ್ನು ಲೆಕ್ಕಹಾಕುವ ಮಾರ್ಗವನ್ನು ಕಂಡುಹಿಡಿದರು. ಅನಂತರದ ವಿದ್ವಾಂಸರು ಚರ್ಮದ ಸ್ಥಳದಲ್ಲಿ ಪ್ರಾಣಿಗಳ ಕರುಳನ್ನಿಟ್ಟರು. ಕಟ್ಟಕಡೆಗೆ ಮನುಷ್ಯನ ಕರುಳಿನ ಕೋಶಗಳನ್ನೇ ಪ್ರಯೋಗಶಾಲೆಯಲ್ಲಿ ಸಸಿಯಂತೆ ಬೆಳೆಸುವ ವಿದ್ಯೆಯು ಸಿದ್ಧಿಸಿತು.

ಈ ಕೋಶಕೃಷಿಯು ರಾಗಿಯ ಪೈರು ಹಾಕುವಷ್ಟೇ ಎಚ್ಚರದ ಕೆಲಸ. ಕರುಳಿನ ಗಡ್ಡೆಯಿಂದ ತೆಗೆದ ಕೋಶಗಳು ನಿಲ್ಲದೆ ವೃದ್ಧಿಯಾಗುವುವಾದುದರಿಂದ ಅವನ್ನೇ ಬೀಜವಾಗಿ ಆರಿಸಿಕೊಂಡರು. ನ್ಯೂಯಾರ್ಕಿನಲ್ಲಿ ೧೯೭೦ರ ದಶಕದಲ್ಲಿ ಸಿದ್ಧವಾದ ‘ಕಾಕೋ-೨’ ಎಂಬ ತಳಿಯು ಒಂದು. ಅದು ದೊಡ್ಡಕರುಳಿನಿಂದ ಬಂದುದಾದರೂ ಮೂರು ವಾರ ಬೆಳೆಸಿದರೆ ಸಣ್ಣಕರುಳಿನ ಕೋಶದ ಲಕ್ಷಣಗಳನ್ನು ತಾಳುವುದು. ‘ಟಿ-೮೪’ ಎಂಬುದು ಇನ್ನೊಂದು. ಸಣ್ಣ ಸಣ್ಣ ರಂಧ್ರಗಳುಳ್ಳ ಪೊರೆಯನ್ನು ತಳವಾಗಿ ಉಳ್ಳ ಬಟ್ಟಲಿನಲ್ಲಿ ಈ ಕೋಶಗಳನ್ನು ಬಿತ್ತುವರು. ಅವು ಹರಡಿ, ಒಂದಕ್ಕೊಂದು ತಾಗಿ, ಬೆಸುಗೆ ಹಾಕಿಕೊಂಡು ಒಂದೇ ಪದರವಾಗುವುವು. ಬೆಸುಗೆಯು ಬಿಗಿಯಾದಷ್ಟೂ ಪದರವು ವಿದ್ಯುತ್ತನ್ನು ತಡೆಯುವುದು ಹೆಚ್ಚುವುದು. ಆ ತಡೆಯನ್ನು ಅಳೆದು ಏರಿ ಗಟ್ಟಿಯಾಯಿತೆಂದು ತಿಳಿಯುವರು. ಮೇಲಣ ದ್ರವವು ಕರುಳಿನ ಒಳಭಾಗಕ್ಕೆ ಸಮಾನ, ಕೆಳಗಣ ದ್ರವವು ರಕ್ತಕ್ಕೆ ಸಮಾನ. ರಂಧ್ರವಿಲ್ಲದ ತಟ್ಟೆಯಲ್ಲಿ ಬೆಳೆಸಿದರಂತೂ ಕೋಶಗಳು ಮೇಲಿನಿಂದ ಹೀರಿದ ನೀರು ಕೆಳಗೆ ಹೋಗಲು ದಾರಿ ಕಾಣದೆ ಪದರದ ಅಡಿಯಲ್ಲಿ ನಿಂತು, ಅಲ್ಲಲ್ಲಿ ಗುಳ್ಳೆಗಳು ಏಳುವುವು. ದೇಹವನ್ನು ಬಿಟ್ಟು ಬಂದ ಕೋಶಗಳೂ ತಮ್ಮ ಕಾಯಕವನ್ನು ಮರೆಯದೆ ನೀರೆತ್ತುವ ಈ ದೃಶ್ಯವನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು.

೧೯೮೪ರಲ್ಲಿ ಥಾಯ್ ದೇಶದಲ್ಲಿ ಹುಟ್ಟಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕೆಲಸ ಮಾಡುತ್ತಿದ್ದ ಧರ್ಮಸಥಾಪೋರ್ನ್ ಎಂಬವರೂ ಅವರ ಸಂಗಡಿಗರೂ ಟಿ-೮೪ ಪದರವು ಕ್ಲೋರೈಡನ್ನು ರಕ್ತದ ಕಡೆಯಿಂದ ಕರುಳಿನ ಕಡೆಗೆ ಸಾಗಿಸಬಲ್ಲುದೆಂದು ತೋರಿಸಿದರು. ಪ್ರಾಣಿಗಳ ಕರುಳಿನಲ್ಲಿಯೂ ಇಂಥ ಪದರಗಳಲ್ಲಿಯೂ ನಡೆದ ಪರೀಕ್ಷೆಗಳಿಂದ ರೋಗದ ಒಳಗುಟ್ಟು ಬಯಲಾಯಿತು. ಕಾಲರಾ ವಿಷವು ಕೋಶದೊಳಗೆ ಸೇರಿ ಸೈಕ್ಲಿಕ್ ಎ.ಎಂ.ಪಿ. ಎಂಬ ದೂತದ್ರವ್ಯವನ್ನು ಮಿತಿಮೀರಿ ಹೆಚ್ಚಿಸುವುದು. ಆ ದೂತನ ಮಾತಿಗೆ ಕೋಶದ ಮುಂಬದಿಯಲ್ಲಿರುವ ಕ್ಲೋರೈಡಿನ ತೂಬು ತೆರೆದು ನಿಲ್ಲುವುದು. ಕ್ಲೋರೈಡ್ ಕರುಳಿಗೆ ಸುರಿಯುವುದು. ಬೆಸುಗೆಗಳ ಸಂದಿನಿಂದ ಸೋಡಿಯಂ ಹಿಂಬಾಲಿಸುವುದು. ಎರಡರ ಹಿಂದೆ ನೀರು ಧಾರೆಯಾಗಿ ಹರಿಯುವುದು. ತೀವ್ರವಾದ ಕಾಲರಾದಲ್ಲಿ ಪ್ರಾಯದ ಮನುಷ್ಯನಿಂದ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೋಗುವುದುಂಟು. ಈ ತೂಬಿಗೆ ಸಿ.ಎಫ್.ಟಿ.ಆರ್. ಎಂದು ಹೆಸರು, ಅದರ ವಂಶವಾಹಿಯನ್ನು ೧೯೮೯ರಲ್ಲಿ ಗುರುತಿಸಿದರು.

ಇಲ್ಲಿ ಮನಸ್ಸಿಟ್ಟು ಕೇಳಬೇಕಾದ ಮಾತು ಒಂದುಂಟು. ವಿಷವು ತೂಬನ್ನು ತೆರೆಯುವುದು, ಉಪ್ಪನ್ನು ಮಾತ್ರ ಹೀರುವ ಸಾಮಾನ್ಯ ಬಾಗಿಲನ್ನೂ ಮುಚ್ಚಿಸುವುದು. ಆದರೆ ಉಪ್ಪೂ ಸಕ್ಕರೆಯೂ ಜೊತೆಯಾಗಿ ಬರುವ ಆ ಇನ್ನೊಂದು ಬಾಗಿಲನ್ನು ಮುಟ್ಟಲಾರದು. ನೀರು ಧಾರೆಯಾಗಿ ಹೊರಗೆ ಹೋಗುತ್ತಿರುವಾಗಲೂ ಆ ಕಾಲುವೆಯು ತೆರೆದೇ ಇರುವುದು. ವಿಷವು ಹೊಕ್ಕ ಕೋಶಗಳಾದರೋ ನಾಲ್ಕೈದು ದಿನಗಳಲ್ಲಿ ತಾವಾಗಿಯೇ ಉದುರಿ ಹೊಸವು ಬರುವುವು. ಆದುದರಿಂದ ರೋಗವು ತಾನಾಗಿಯೇ ಮುಗಿಯತಕ್ಕದ್ದು. ಅಲ್ಲಿಯವರೆಗೆ ಕೆರೆಯು ಬತ್ತದಂತೆ ಕಾಲುವೆಯಿಂದ ನೀರು ತುಂಬುತ್ತಿದ್ದರೆ ಮನುಷ್ಯನು ಉಳಿಯುವನು.

ಶಾಸ್ತ್ರವು ಹೇಳಿದುದನ್ನು ಲೋಕವು ಪರೀಕ್ಷಿಸಿಯೂ ನೋಡಿತು. ೧೯೬೮ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ತರುಣ ವೈದ್ಯರು ಕಾಲರಾ ರೋಗಿಗಳಿಗೆ ಗ್ಲೂಕೋಸ್ ಮತ್ತು ಲವಣಗಳ ನೀರನ್ನು ಬಾಯಿಂದ ಕುಡಿಸಿ, ರಕ್ತನಾಳಕ್ಕೆ ಏರಿಸಬೇಕಾದ ದ್ರವವು ಬಹಳ ಮಟ್ಟಿಗೆ ಕಡಮೆಯಾಗುವುದನ್ನು ತೋರಿಸಿದರು. ೧೯೭೧ರ ಯುದ್ಧಕಾಲದಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಬನಗಾಂವಿನ ಶಿಬಿರದಲ್ಲಿ ಕಾಲರಾಕ್ಕೆ ತುತ್ತಾಗಿ ನೆಲದ ಮೇಲೆ ಸಾಲುಸಾಲಾಗಿ ಮಲಗಿದ್ದರು. ಸೂಜಿಯಿಂದ ಏರಿಸುವ ದ್ರವವು ಮುಗಿಯುತ್ತ ಬಂದಿತು. ಆಗ ದಿಲೀಪ ಮಹಲನಬೀಸರು ಉಪ್ಪು, ಗ್ಲೂಕೋಸ್, ಸೋಡಗಳನ್ನು ನೀರಿನಲ್ಲಿ ಕದಡಿಸಿ, ರೋಗಿಗಳ ತಾಯಿತಂದೆಗಳ ಕೈಗೇ ಬಟ್ಟಲನ್ನು ಕೊಟ್ಟು ಕುಡಿಸಹೇಳಿದರು. ನೂರಕ್ಕೆ ೩೦ರವರೆಗೆ ಏರಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ನೂರಕ್ಕೆ ೪ಕ್ಕಿಂತ ಕೆಳಗಿಳಿಯಿತು. ಮಹಲನಬೀಸರು ೨೦೨೨ರಲ್ಲಿ ಕಾಲವಾದರು. ೨೦೨೩ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿಯನ್ನು ಸಾರಲಾಯಿತು.

ಆ ದ್ರವವೇ ಇಂದು ಓ.ಆರ್.ಎಸ್. ಎಂಬ ಹೆಸರಿನ ಪೊಟ್ಟಣವಾಗಿ ಊರೂರಿನ ಆರೋಗ್ಯಕೇಂದ್ರಗಳಲ್ಲಿ ದೊರೆಯುವುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೨ರಲ್ಲಿ ತಿದ್ದಿದ ಕ್ರಮದಂತೆ ಒಂದು ಲೀಟರು ನೀರಿಗೆ ಉಪ್ಪು ೨.೬ ಗ್ರಾಂ, ಗ್ಲೂಕೋಸ್ ೧೩.೫ ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ ೧.೫ ಗ್ರಾಂ, ಸಿಟ್ರೇಟ್ ಲವಣ ೨.೯ ಗ್ರಾಂ ಸೇರಿರುವುದು. ಪೊಟ್ಟಣ ಸಿಕ್ಕದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಸಣ್ಣ ಚಮಚದಲ್ಲಿ ಮಟ್ಟವಾಗಿ ೬ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದಕ್ಕಿಂತ ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಸಕ್ಕರೆ ಹೆಚ್ಚಾದರೆ ಅದು ಉಪ್ಪಿನಕಾಯಿಯ ನ್ಯಾಯದಂತೆ ನೀರನ್ನು ಕರುಳಿಗೇ ಎಳೆದು ಭೇದಿಯನ್ನು ಬೆಳೆಸುವುದು. ಅಂಗಡಿಯ ಸಿಹಿಪಾನೀಯಗಳು ಈ ಕಾರ್ಯಕ್ಕೆ ಒದಗವು. ಸಿಹಿಪಾನೀಯಗಳನ್ನು ಓ.ಆರ್.ಎಸ್. ಎಂಬ ಹೆಸರಿನಿಂದ ಮಾರುವುದನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ೨೦೨೫ರಲ್ಲಿ ನಿಷೇಧಿಸಿದುದು ಈ ಕಾರಣದಿಂದಲೇ. ಕೊಳ್ಳುವಾಗ ಪೊಟ್ಟಣದ ಮೇಲಣ ಬರಹವನ್ನು ಓದಿ ನೋಡತಕ್ಕದ್ದು.

ಗಂಜಿಯ ಮಾತೇನೆಂದು ಹಿರಿಯರು ಕೇಳಬಹುದು. ಆಯುರ್ವೇದದ ಗ್ರಂಥಗಳಲ್ಲಿ ಅತಿಸಾರಕ್ಕೆ ಪಥ್ಯವಾಗಿ ಮಂಡ, ಪೇಯ, ಯವಾಗು ಎಂಬ ಗಂಜಿಯ ಭೇದಗಳು ಹೇಳಲ್ಪಟ್ಟಿವೆ. ಆ ಆಚಾರ್ಯರು ಸೋಡಿಯಂ ಕಣವನ್ನು ಕಂಡಿದ್ದರೆಂದು ಹೇಳಿದರೆ ಅದು ಅತಿಶಯೋಕ್ತಿ. ಆದರೆ ಅವರು ರೋಗಿಯನ್ನು ಕಂಡಿದ್ದರು. ಅದೇ ಶಾಸ್ತ್ರದಲ್ಲಿ ಬರುವ ಲಂಘನವೆಂಬ ಮಾತನ್ನು ಜನರು ತಪ್ಪಾಗಿ ಗ್ರಹಿಸಿ ನೀರನ್ನೇ ತಡೆದುದು ಶಾಸ್ತ್ರದ ದೋಷವಲ್ಲ. ಅಕ್ಕಿಯ ಪಿಷ್ಟವು ಕರುಳಿನಲ್ಲಿ ಮೆಲ್ಲಮೆಲ್ಲನೆ ಒಡೆದು ಗ್ಲೂಕೋಸನ್ನು ಒದಗಿಸುವುದರಿಂದ, ಉಪ್ಪು ಬೆರಸಿದ ಅಕ್ಕಿಯ ಗಂಜಿಯು ಕಾಲರಾದಲ್ಲಿ ಭೇದಿಯ ಪ್ರಮಾಣವನ್ನು ಇಳಿಸುವುದೆಂದು ಆಧುನಿಕರೂ ಕಂಡಿದ್ದಾರೆ. ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ರಾಮಕೃಷ್ಣ ಎಂಬ ವೈದ್ಯರೂ ಅವರ ಸಂಗಡಿಗರೂ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸುಲಭವಾಗಿ ಜೀರ್ಣವಾಗದ ಮೆಕ್ಕೆಜೋಳದ ಪಿಷ್ಟವನ್ನು ಓ.ಆರ್.ಎಸ್.ಗೆ ಸೇರಿಸಿದರೆ ಅದು ದೊಡ್ಡಕರುಳಿನವರೆಗೆ ಸಾಗಿ, ಅಲ್ಲಿಯ ಅಣುಜೀವಿಗಳಿಂದ ಹುಳಿತು, ಹುಟ್ಟಿದ ಆಮ್ಲಗಳು ಅಲ್ಲಿಯೂ ಸೋಡಿಯಂ ಹೀರಿಕೆಯನ್ನು ಹೆಚ್ಚಿಸಿ ಭೇದಿಯನ್ನು ಬೇಗ ನಿಲ್ಲಿಸುವುವೆಂದು ೨೦೦೦ದಲ್ಲಿ ಪ್ರಕಟಿಸಿದರು. ಹೀಗೆ ಸಣ್ಣಕರುಳಿನ ಕಾಲುವೆಯ ಜೊತೆಗೆ ದೊಡ್ಡಕರುಳಿನದೂ ಒಂದು ಕಾಲುವೆ ದೊರೆಯಿತು.

ತೂಬನ್ನೇ ಮುಚ್ಚುವ ಔಷಧವಿಲ್ಲವೆ ಎಂಬ ಪ್ರಶ್ನೆಯೂ ಸಹಜವಾದುದೇ. ದಕ್ಷಿಣ ಅಮೆರಿಕದ ಕಾಡುಜನರು ಭೇದಿಗೆ ಬಳಸುತ್ತಿದ್ದ ಒಂದು ಮರದ ಕೆಂಪು ಹಾಲಿನಿಂದ ಕ್ರೋಫೆಲೆಮರ್ ಎಂಬ ದ್ರವ್ಯವನ್ನು ತೆಗೆದು, ಅದು ಕ್ಲೋರೈಡಿನ ತೂಬುಗಳನ್ನು ತಡೆಯುವುದೆಂದು ಟಿ-೮೪ರಂಥ ಕೋಶಪದರಗಳಲ್ಲಿ ಪರೀಕ್ಷಿಸಿ ಅರಿತರು; ೨೦೧೨ರಲ್ಲಿ ಅಮೆರಿಕದಲ್ಲಿ ಎಚ್.ಐ.ವಿ. ರೋಗಿಗಳ ಭೇದಿಗೆ ಅದನ್ನು ಕೊಡಲು ಅನುಮತಿ ದೊರೆಯಿತು. ಆದರೆ ಬಟ್ಟಲಿನಲ್ಲಿ ಬೆಳೆದ ಪದರಕ್ಕೆ ರಕ್ತಸಂಚಾರವಿಲ್ಲ, ನರವಿಲ್ಲ, ಕರುಳಿನ ಅಣುಜೀವಿಗಳಿಲ್ಲ. ಗಡ್ಡೆಯ ಕೋಶಗಳು ಆರೋಗ್ಯದ ಕೋಶಗಳಿಗೆ ಪೂರ್ಣಸಮಾನವೂ ಅಲ್ಲ. ೨೦೦೯ರಲ್ಲಿ ಹಾಲೆಂಡಿನ ಹಾನ್ಸ್ ಕ್ಲೆವರ್ಸ್‌ರ ಪ್ರಯೋಗಶಾಲೆಯಲ್ಲಿ ಇಲಿಯ ಕರುಳಿನ ಮೂಲಕೋಶಗಳಿಂದ ಪುಟ್ಟ ಕರುಳಿನ ಪ್ರತಿರೂಪಗಳನ್ನು ಬೆಳೆಸಿದ ಮೇಲೆ, ಮನುಷ್ಯನ ಆರೋಗ್ಯವಾದ ಕೋಶಗಳಿಂದಲೂ ಪದರಗಳನ್ನು ಮಾಡುವ ದಾರಿ ತೆರೆಯಿತು. ಬಟ್ಟಲು ದಾರಿ ತೋರಿಸುವುದು. ತೀರ್ಪು ಬರುವುದು ರೋಗಿಯ ಹಾಸಿಗೆಯ ಬಳಿಯಲ್ಲಿಯೇ.

ಆದುದರಿಂದ ಗೃಹಸ್ಥರು ನೆನಪಿಡತಕ್ಕ ಕ್ರಮವು ಇಷ್ಟು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯಾದ ಮೇಲೆ ೫೦ರಿಂದ ೧೦೦ ಮಿಲಿಲೀಟರು, ಅದಕ್ಕೆ ಮೇಲ್ಪಟ್ಟ ಮಕ್ಕಳಿಗೆ ೧೦೦ರಿಂದ ೨೦೦ ಮಿಲಿಲೀಟರು ಓ.ಆರ್.ಎಸ್. ಕುಡಿಸತಕ್ಕದ್ದು. ವಾಂತಿಯಾದರೆ ಹತ್ತು ನಿಮಿಷ ತಡೆದು ಚಮಚ ಚಮಚವಾಗಿ ಮತ್ತೆ ಕೊಡತಕ್ಕದ್ದು. ಎದೆಹಾಲನ್ನು ನಿಲ್ಲಿಸಕೂಡದು, ಆಹಾರವನ್ನೂ ನಿಲ್ಲಿಸಕೂಡದು. ಕದಡಿದ ದ್ರವವು ೨೪ ಗಂಟೆ ಮೀರಿದರೆ ಚೆಲ್ಲಿ ಹೊಸದನ್ನು ಮಾಡತಕ್ಕದ್ದು. ಆರೋಗ್ಯಕೇಂದ್ರದಲ್ಲಿ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ ೧೪ ದಿನ ಪೂರೈಸತಕ್ಕದ್ದು. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾಗಿ ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಆಗ ರಕ್ತನಾಳದಿಂದಲೇ ದ್ರವವನ್ನು ಕೊಡಬೇಕಾಗುವುದು. ದಾರಿಯಲ್ಲಿಯೂ, ಕುಡಿಯಬಲ್ಲ ಮಗುವಾದರೆ, ಬಟ್ಟಲನ್ನು ಕೆಳಗಿಡಕೂಡದು.

ಜಾತ್ರೆಗಳಲ್ಲಿಯೂ ದಾಸೋಹದ ಮನೆಗಳಲ್ಲಿಯೂ ಸಾವಿರಾರು ಮಂದಿ ಒಂದೇ ನೀರನ್ನು ಕುಡಿಯುವರು. ಹಿಂದಿನ ಕಾಲದಲ್ಲಿ ಕಾಲರಾವು ಯಾತ್ರಿಕರ ಜೊತೆಯಲ್ಲಿಯೇ ಊರಿಂದೂರಿಗೆ ನಡೆದುಹೋದುದು ಇತಿಹಾಸದಲ್ಲಿ ಪ್ರಸಿದ್ಧವಾದ ವಿಷಯ. ಅನ್ನವನ್ನು ಬಡಿಸುವ ಕೈಗೆ ನೀರಿನ ಶುದ್ಧಿಯೂ ಸೇರಿದ್ದು. ತೊಟ್ಟಿಯನ್ನು ಮುಚ್ಚಿಡುವುದು, ಕುಡಿಯುವ ನೀರಿನ ಕೊಳವೆಗೆ ಚರಂಡಿಯ ನೀರು ಸೇರದಂತೆ ಕಾಯುವುದು, ಬಡಿಸುವವರು ಸಾಬೂನಿನಿಂದ ಕೈತೊಳೆಯುವುದು, ಜಾತ್ರೆಯ ದಿನಗಳಲ್ಲಿ ಪೊಟ್ಟಣಗಳನ್ನು ದಾಸ್ತಾನಿಡುವುದು, ಇವೆಲ್ಲವೂ ದಾಸೋಹದ ಅಂಗಗಳೇ ಆಗಿವೆ. ತೂಬು ತೆರೆಯದಂತೆ ಕಾಯುವುದು ಊರಿನ ಹೊಣೆ. ತೆರೆದುಹೋದ ಮೇಲೆ ಕಾಲುವೆಯನ್ನು ತೆರೆದಿಡುವುದು ಮನೆಯ ಹೊಣೆ. ಕೂದಲಿಗಿಂತಲೂ ತೆಳ್ಳಗಿರುವ ಒಂದು ಪದರದ ಮೇಲೆ ಪ್ರಾಣವು ನಿಂತಿದೆ. ಆ ಪದರವು ವಿಷದ ನಡುವೆಯೂ ಒಂದು ಬಾಗಿಲನ್ನು ತೆರೆದೇ ಇಟ್ಟಿರುವಾಗ, ತಾಯಿಯ ಕೈಯ ಬಟ್ಟಲು ಅಲ್ಲಿಗೆ ತಲುಪದೆ ಹೋಗಬಾರದು. ಕೇಳಿದ ಈ ಮಾತನ್ನು ಇಂದು ಬಾರದ ನೆರೆಮನೆಯ ತಾಯಂದಿರಿಗೂ ಮುಟ್ಟಿಸುವುದು ಸದ್ಭಕ್ತರ ಕಾಯಕವಾಗಲಿ. ಸರ್ವರಿಗೂ ಮಂಗಳವಾಗಲಿ.